ಪರೀಕ್ಷೆಯ ಧರ್ಮ: ಒಂದು ಹಳೆಯ ಗಿಟಾರಿನ ನೆಪದಲ್ಲಿ

ನೀರಿನಲ್ಲಿರುವ ಎಮ್ಮೆಯನ್ನು ವ್ಯಾಪಾರ ಮಾಡಬಾರದೆಂಬುದು ನಮ್ಮ ಹಿರಿಯರ ವಿವೇಕ. ಎಮ್ಮೆ ದಡಕ್ಕೆ ಬರಬೇಕು. ಅದರ ಕಾಲು, ಕೆಚ್ಚಲು, ಹಲ್ಲುಗಳು ಕಣ್ಣಿಗೆ ಕಾಣಬೇಕು. ಬೆಲೆಯ ಮಾತು ಆಮೇಲೆ. ಮುದುಮಲೆ, ಬಂಡೀಪುರಗಳ ಕಾಡನ್ನು ದಾಟಿ ಗುಂಡ್ಲುಪೇಟೆ ಸೀಮೆಯ ದನದ ಸಂತೆಗಳಿಗೆ ಹೋಗಿ ಬಂದ ಹಿರಿಯರು ಗೂಡಲೂರಿನ ನಮ್ಮ ಕುಟುಂಬಗಳಲ್ಲಿ ಇನ್ನೂ ಇದ್ದಾರೆ. ಎತ್ತಿನ ಸುಳಿ ನೋಡುವುದು, ನಡೆಸಿ ನೋಡುವುದು, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ಎಲ್ಲವನ್ನೂ ಅವರು ವರ್ಣಿಸುವಾಗ, ಕೊಳ್ಳುವುದು ಒಂದು ವಿದ್ಯೆಯೆಂದೇ ನಮಗೆ ತೋರುತ್ತದೆ. ನೋಡಿ ಕೊಳ್ಳಬೇಕೆಂಬ ಆ ವಿವೇಕದಲ್ಲಿ ನಮಗೆ ಸಂದೇಹವಿಲ್ಲ. ನಮ್ಮನ್ನು ಕೆಲವು ಕಾಲದಿಂದ ಕಾಡುತ್ತಿರುವ ಪ್ರಶ್ನೆ ಅದರ ಮುಂದಿನದು: ಚೆನ್ನಾಗಿ ನೋಡಬಲ್ಲವನು ತಾನು ಕಂಡದ್ದನ್ನು ಮಾರುವವರಿಗೆ ಹೇಳಬೇಕೇ? ದೋಷವನ್ನಷ್ಟೇ ಹೇಳಿ ಗುಣವನ್ನು ಮುಚ್ಚಿಟ್ಟರೆ ಅದು ಜಾಣ್ಮೆಯೋ, ಅನ್ಯಾಯವೋ?

ಈ ಪ್ರಶ್ನೆ ಎದ್ದ ಸಂದರ್ಭ ಚಿಕ್ಕದು. ನಮ್ಮ ಸಂಘದ ಕುಟುಂಬವೊಂದರ ಹುಡುಗ ಮೈಸೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಹಳೆಯ ಗಿಟಾರುಗಳ ವಿಷಯದಲ್ಲಿ ಒಳ್ಳೆಯ ತಿಳಿವಳಿಕೆಯುಳ್ಳವನು. ಗೂಡಲೂರಿನ ಅಂಚಿನ ಮನೆಯೊಂದರಲ್ಲಿ ಅಂಥ ವಾದ್ಯವೊಂದು ಮಾರಾಟಕ್ಕಿದೆಯೆಂದು ಅವನಿಗೆ ತಿಳಿಯಿತು. ಮನೆಯ ಒಡತಿ ನಮಗೆ ಪರಿಚಿತರಾದ ವೃದ್ಧೆ. ಪರಿಚಯದವರು ಜೊತೆಗಿದ್ದರೆ ಮಾತು ಸಲೀಸು ಎಂದು ಅವನು ಕರೆದ. ನಾವು ಇಬ್ಬರು ಹೋದೆವು. ಆಕೆಯ ಪತಿ ಒಂದು ಕಾಲಕ್ಕೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ಗಣೇಶೋತ್ಸವದ ಚಪ್ಪರ, ಮದುವೆಯ ಆರತಕ್ಷತೆ, ತೋಟಗಳ ವಾರ್ಷಿಕೋತ್ಸವ, ಹೀಗೆ ಗುಂಡ್ಲುಪೇಟೆ, ನಂಜನಗೂಡುಗಳವರೆಗೂ ಜೀಪಿನಲ್ಲಿ ಹೋಗಿ ರಾತ್ರಿಯಿಡೀ ನುಡಿಸಿ ಬರುತ್ತಿದ್ದವರು. ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಕೊಟ್ಟುಹೋದ ಗಿಟಾರದು. ಪತಿ ತೀರಿಕೊಂಡ ಮೇಲೆ ಅದು ಮಂಚದ ಕೆಳಗೆ ಪೆಟ್ಟಿಗೆಯಲ್ಲಿತ್ತು. ಆಕೆ ಕೇಳಿದ ಬೆಲೆ 25,000 ರೂಪಾಯಿ.

ಓದುಗರಲ್ಲಿ ವೀಣೆಯನ್ನು ಬಲ್ಲವರು ಹೆಚ್ಚು, ಈ ವಾದ್ಯವನ್ನು ಬಲ್ಲವರು ಕಡಿಮೆ ಇರಬಹುದು. ವೀಣೆಗೆ ಹಲಸಿನ ಮರದಲ್ಲಿ ಕೊರೆದ ಟೊಳ್ಳು ಕೊಡವಿದೆ. ನಾದ ಅದರಲ್ಲಿ ತುಂಬಿ ಬರುತ್ತದೆ. ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹೆಚ್ಚಿನವು ಟೊಳ್ಳಿಲ್ಲದ ಘನ ಮರದ ಹಲಗೆಗಳು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ. ಅವುಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ತಂತಿ ಕಂಪಿಸಿದರೆ ಇಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಕೇಳಿಸುತ್ತದೆ. ಅಮೆರಿಕದ ಫೆಂಡರ್ ಸಂಸ್ಥೆ 1950ರಲ್ಲಿ, ಗಿಬ್ಸನ್ ಸಂಸ್ಥೆ 1952ರಲ್ಲಿ ಇಂಥ ಘನ ಗಿಟಾರುಗಳನ್ನು ಮಾರುಕಟ್ಟೆಗೆ ತಂದವು. ಆ ದಶಕದ ಮತ್ತು ಅದರ ಮುಂದಿನ ದಶಕದ ವಾದ್ಯಗಳಿಗೆ ಇಂದು ಜಗತ್ತಿನಲ್ಲಿ ಅಪಾರ ಬೇಡಿಕೆ. ಬೇಡಿಕೆಯಿದ್ದಲ್ಲಿ ನಕಲು, ತೇಪೆ, ಬದಲಾದ ಬಿಡಿಭಾಗ ಎಲ್ಲವೂ ಇರುತ್ತವೆ. ಆದ್ದರಿಂದಲೇ ಕೊಳ್ಳುವವರಲ್ಲಿ ಪರೀಕ್ಷೆಯ ಒಂದು ಕ್ರಮ ಬೆಳೆದುಬಂದಿದೆ.

ಹುಡುಗ ಆ ಕ್ರಮವನ್ನು ಬಿಡದೆ ಪಾಲಿಸಿದ. ನೋಡುತ್ತಿದ್ದ ನಮಗೆ ಅದು ನಾಡಿ ಹಿಡಿಯುವ ವೈದ್ಯನನ್ನು ನೆನಪಿಸಿತು. ಮೊದಲು ಪೆಟ್ಟಿಗೆ ತೆರೆದು ಮೂಸಿದ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ನಮ್ಮ ಮಳೆಯಲ್ಲಿ ಮುಚ್ಚಿದ ಪೆಟ್ಟಿಗೆಗೆ ಬೂಷ್ಟು ಹಿಡಿಯದಿರುವುದು ಅಪರೂಪ. ಬಳಿಕ ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನ ಉದ್ದಕ್ಕೂ ನೋಡಿದ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ, ಎಂದರೆ ವೀಣೆಯಲ್ಲಿ ನಾವು ಮೆಟ್ಟಿಲು ಎನ್ನುವ ಲೋಹದ ಪಟ್ಟಿಗಳಲ್ಲಿ, ಒತ್ತಿ ಹಿಡಿದು ನಡುವೆ ಎಷ್ಟು ಸಂದು ಉಳಿಯಿತೆಂದು ಗಮನಿಸಿದ. ತುಸು ಬಾಗಿದ್ದರೆ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಹುರಿಯಂತೆ ತಿರುಚಿಕೊಂಡಿದ್ದರೆ ಕಷ್ಟ. ಕತ್ತಿನ ಅಂಚಿನ ಮೇಲೆ ಅಂಗೈ ಎಳೆದ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಆಗ ಪಟ್ಟಿಗಳ ತುದಿ ಹೊರಚಾಚಿ ಕೈಗೆ ತರಚುತ್ತದೆ. ಪಟ್ಟಿಗಳ ಮೇಲೆ ತಂತಿ ಕೊರೆದ ಗುಳಿಗಳಿದ್ದವು. ವರ್ಷಗಟ್ಟಲೆ ನುಡಿಸಿದ್ದಕ್ಕೆ ಅದೇ ಸಾಕ್ಷಿ.

ಆಮೇಲೆ ಆಕೆಯ ಅಪ್ಪಣೆ ಪಡೆದು ಹಿಂಬದಿಯ ಮುಚ್ಚಳದ ತಿರುಪುಗಳನ್ನು ಬಿಚ್ಚಿದ. ಒಳಗೆ ಧ್ವನಿಯನ್ನು ಏರಿಳಿಸುವ ಗುಂಡಿಗಳ ತಳಭಾಗ, ಅವುಗಳ ಬೆಸುಗೆ ಕಾಣುತ್ತವೆ. ಒಮ್ಮೆ ಬಿಚ್ಚಿ ಮತ್ತೆ ಬೆಸೆದದ್ದು ತಿಳಿದವರ ಕಣ್ಣಿಗೆ ತಪ್ಪುವುದಿಲ್ಲ. ಆ ಗುಂಡಿಗಳ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. 1376612 ಎಂದಿದ್ದರೆ 137 ತಯಾರಕನ ಸಂಕೇತ, 66 ಇಸವಿ, 12 ಆ ವರ್ಷದ ವಾರ. ವಾದ್ಯ ಅದಕ್ಕಿಂತ ಮೊದಲಿನದಾಗಿರದು ಎಂಬುದಕ್ಕೆ ಅದೊಂದು ಆಧಾರ; ಬೆಸುಗೆಯೂ ಮೂಲದ್ದಾಗಿದ್ದರೆ ಆಧಾರ ಗಟ್ಟಿ. ಮಲ್ಟಿಮೀಟರ್ ಹಿಡಿದು ಪಿಕಪ್‌ಗಳ ಸುರುಳಿ ಎಲ್ಲಾದರೂ ತುಂಡಾಗಿದೆಯೇ ಎಂದು ನೋಡಿದ; ಕೆಲವು ಸಾವಿರ ಓಮ್ ತೋರಿಸಿದರೆ ಸುರುಳಿ ಜೀವಂತ. ಕೊನೆಗೆ ಕಿಟಕಿ ಮುಚ್ಚಿಸಿ, ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಬಳಸುವಂಥ ನೇರಳಾತೀತ ದೀಪವನ್ನು ಹಾಯಿಸಿದ. ಹಳೆಯ ಕಾಲದ ಮೆರುಗೆಣ್ಣೆ ಆ ಬೆಳಕಿನಲ್ಲಿ ಹಸಿರುಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ಬಳಿದದ್ದು ಬೇರೆಯಾಗಿ ತೋರುತ್ತದೆ. ಈ ಗಿಟಾರ್ ಹೊಳೆಯಲಿಲ್ಲ. ಒಡಲಿಗೂ ಕತ್ತಿಗೂ ಯಾವಾಗಲೋ ಕಪ್ಪು ಬಣ್ಣ ಬಳಿದಿದ್ದರು. ಇಷ್ಟೆಲ್ಲ ಆದ ಮೇಲೆಯೇ ಅವನು ತಂತಿ ಮೀಟಿದ್ದು, ಪ್ರತಿಯೊಂದು ಪಟ್ಟಿಯಲ್ಲಿ ಪ್ರತಿಯೊಂದು ತಂತಿಯನ್ನು.

ತಂತಿಗಳ ಕೆಳಗಿನ ಕಂದು ಹಲಗೆಯನ್ನು ತೋರಿಸಿ, ಇದು ಬೀಟೆ ಎಂದ. ನಮಗೆ ಆಶ್ಚರ್ಯವಾಯಿತು. ನೆರೆಯ ಮಲಯಾಳಿಗಳು ಈಟ್ಟಿ ಎನ್ನುವ ಆ ಮರ ನಮ್ಮ ನೀಲಗಿರಿ, ವಯನಾಡು, ಮೈಸೂರು ಸೀಮೆಗಳ ಕಾಡಿನದು. ಮೈಸೂರಿನ ಕೆತ್ತನೆ ಕೆಲಸಕ್ಕೆ ಹೆಸರು ತಂದದ್ದು. ಅಮೆರಿಕದವರು ಮೊದಮೊದಲು ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. 1960ರ ದಶಕದಲ್ಲಿ ಅದು ಸಿಗುವುದು ಕಷ್ಟವಾದಾಗ ಭಾರತದ ಬೀಟೆಯತ್ತ ತಿರುಗಿದರು. ಹಳೆಯ ಗಿಟಾರ್ ಕೊಳ್ಳುವವರು ಇದನ್ನೂ ವಿಚಾರಿಸಬೇಕಾಗುತ್ತದೆ. ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಿಂದ ಅತಿ ಕಠಿಣ ನಿರ್ಬಂಧವಿದೆ. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳೂ ಪರವಾನಗಿಯ ಪಟ್ಟಿಗೆ ಸೇರಿದವು. ಬ್ರೆಜಿಲ್‌ನದನ್ನು ಬಿಟ್ಟು ಉಳಿದವುಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ನಮ್ಮ ರಾಜ್ಯವೂ 1994ರಲ್ಲಿ ಬೀಟೆ ಮರಗಳ ಸಂರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿತು. ಕೊಳ್ಳುವವನು, ಮಾರುವವನು ಇಬ್ಬರೇ ಇದ್ದಂತೆ ತೋರುವ ವ್ಯವಹಾರದಲ್ಲಿ ಎದುರಿಗಿಲ್ಲದ ಪಾಲುದಾರರೂ ಇರುತ್ತಾರೆಂಬುದಕ್ಕೆ ಆ ಕಂದು ಹಲಗೆ ಸಾಕ್ಷಿಯಾಗಿತ್ತು.

ಪರೀಕ್ಷೆ ಮುಗಿಯಿತು. ಹುಡುಗ ಆಕೆಯ ಮುಂದೆ ಕುಳಿತು ದೋಷಗಳನ್ನು ಒಂದೊಂದಾಗಿ ಹೇಳಿದ. ‘ಅಜ್ಜಿ, ಇದಕ್ಕೆ ಬೇರೆ ಬಣ್ಣ ಬಳಿದಿದ್ದಾರೆ. ಪಟ್ಟಿಗಳೆಲ್ಲ ಸವೆದಿವೆ, ಬದಲಿಸಬೇಕು. ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ.’ ಎಲ್ಲವೂ ನಿಜವೇ. ಮೂಲ ಬಣ್ಣ ಹೋದ ವಾದ್ಯದ ಬೆಲೆ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆಂಬುದು ಈ ವ್ಯಾಪಾರದವರ ಲೆಕ್ಕ. ಆಕೆ ಸುಮ್ಮನೆ ಕೇಳಿದರು. 18,000ಕ್ಕೆ ಒಪ್ಪಿದರು. ಹುಡುಗ 2,000 ಮುಂಗಡ ಕೊಟ್ಟು, ಉಳಿದದ್ದನ್ನು ನಾಳೆ ತರುತ್ತೇನೆಂದ. ನಾವು ಕಾಫಿ ಕುಡಿದು ಹೊರಟೆವು.

ಬಸ್ ನಿಲ್ದಾಣದ ಬಳಿ ಅವನು ಸಂತೋಷ ತಡೆಯಲಾರದೆ ಉಳಿದ ಕಥೆಯನ್ನು ಹೇಳಿದ. ಪಿಕಪ್‌ಗಳು ಮೂಲದವು, ಬೆಸುಗೆಯನ್ನು ಯಾರೂ ಮುಟ್ಟಿಲ್ಲ, ಅಂಕಿಗಳು 1966 ಎನ್ನುತ್ತಿವೆ, ಬಣ್ಣ ಹೋಗಿದ್ದರೂ ಲಕ್ಷ ರೂಪಾಯಿಗೆ ಮೇಲೆ ಬಾಳುವ ವಾದ್ಯ. ನಮಗೆ ಸಂತೋಷವಾಗಲಿಲ್ಲ, ಏಕೆ ಆಗಲಿಲ್ಲವೆಂದು ತಟ್ಟನೆ ಹೇಳಲೂ ಆಗಲಿಲ್ಲ. ಕೇಳಿದಾಗ ಅವನು ಕೊಟ್ಟ ಸಮಾಧಾನ ತಳ್ಳಿಹಾಕುವಂಥದ್ದಲ್ಲ. ‘ನಾನು ಒಂದೂ ಸುಳ್ಳು ಹೇಳಲಿಲ್ಲ. ಬೆಲೆ ಹೇಳಿದವರು ಅವರೇ. ಇದನ್ನು ಗುರುತಿಸಲು ನಾನು ಹತ್ತು ವರ್ಷ ಕಲಿತಿದ್ದೇನೆ. ಕಲಿತದ್ದಕ್ಕೆ ಫಲ ಬೇಡವೇ? ನಾನಲ್ಲದಿದ್ದರೆ ಬೇರೊಬ್ಬ ಬಂದು ಹತ್ತು ಸಾವಿರಕ್ಕೆ ಒಯ್ಯುತ್ತಿದ್ದ.’ ಅವನ ಮಾತಿಗೆ ಉತ್ತರ ಹುಡುಕುವುದು ನಮ್ಮ ಪಾಲಿಗೂ ಅಗತ್ಯವಾಯಿತು. ಏಕೆಂದರೆ ಆ ಮನೆಯ ಬಾಗಿಲು ಅವನಿಗೆ ತೆರೆದದ್ದು ನಮ್ಮ ಪರಿಚಯದಿಂದ.

ಮೊದಲು ಕಾಯ್ದೆಯನ್ನು ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಂ ವಂಚನೆಯೆಂದರೇನೆಂದು ವಿವರಿಸುತ್ತದೆ. ಕೇವಲ ಮೌನ ಸಾಮಾನ್ಯವಾಗಿ ವಂಚನೆಯಲ್ಲ ಎಂಬುದು ಅದರ ನಿಲುವು. ಅಲ್ಲಿ ಕುದುರೆಯ ಉದಾಹರಣೆಗಳಿವೆ. ತನ್ನ ಕುದುರೆಗೆ ದೋಷವಿದೆಯೆಂದು ತಿಳಿದ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ, ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಇಬ್ಬರೂ ವ್ಯಾಪಾರಿಗಳಾಗಿದ್ದು, ಬೆಲೆ ಬದಲಾದ ಸುದ್ದಿ ಒಬ್ಬನಿಗೆ ಮಾತ್ರ ತಿಳಿದಿದ್ದರೆ, ಅವನು ಅದನ್ನು ಹೇಳಬೇಕಾಗಿಲ್ಲ. ನಾಲ್ಕು ಉದಾಹರಣೆಗಳನ್ನು ಒಟ್ಟಿಗೆ ಓದಿದರೆ ಒಂದು ಸೂಕ್ಷ್ಮ ಹೊಳೆಯುತ್ತದೆ. ಹೇಳಬೇಕೋ ಬೇಡವೋ ಎಂಬುದನ್ನು ಕಾಯ್ದೆ ವಸ್ತುವಿನಿಂದ ನಿರ್ಣಯಿಸುವುದಿಲ್ಲ; ಎದುರಿಗೆ ಕುಳಿತವರು ಯಾರು ಎಂಬುದರಿಂದ ನಿರ್ಣಯಿಸುತ್ತದೆ.

ಈ ವಾದ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಸಮಸ್ಯೆ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಧಾನ್ಯದ ಹಡಗಿನೊಡನೆ ಬರುತ್ತಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಹೇಳಬೇಕೇ? ಕಾಯ್ದೆ ಕೇಳಿದಷ್ಟು ಹೇಳಿದರೆ ಸಾಕು, ಮುಚ್ಚಿಡುವುದು ಬೇರೆ, ಹೇಳದಿರುವುದು ಬೇರೆ ಎಂಬುದು ಡಯೋಜಿನಿಸ್ ಎಂಬ ಗುರುವಿನ ಪಕ್ಷ. ಮನುಷ್ಯರೆಲ್ಲ ಒಂದು ಸಮಾಜದವರಾದ್ದರಿಂದ ಎಲ್ಲವನ್ನೂ ಹೇಳಬೇಕು ಎಂಬುದು ಅವನ ಶಿಷ್ಯ ಆಂಟಿಪೇಟರನ ಪಕ್ಷ. ಸಿಸೆರೊ ಶಿಷ್ಯನ ಕಡೆಗೆ ವಾಲುತ್ತಾನೆ. ಅದೇ ಗ್ರಂಥದಲ್ಲಿ ಸ್ಕೇವೊಲ ಎಂಬವನ ಪ್ರಸಂಗವಿದೆ. ಅವನು ಜಮೀನೊಂದನ್ನು ಕೊಳ್ಳಲು ಹೋಗಿ ಬೆಲೆ ಕೇಳಿದ. ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ಒಂದು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ತಾನೇ ಹೆಚ್ಚಿಗೆ ಕೊಟ್ಟ. ಅವನು ಸಜ್ಜನನೆಂದು ಎಲ್ಲರೂ ಒಪ್ಪುತ್ತಾರೆ, ಆದರೆ ಜಾಣನೆಂದು ಒಪ್ಪುವುದಿಲ್ಲ. ಸಜ್ಜನಿಕೆ ಬೇರೆ, ಜಾಣ್ಮೆ ಬೇರೆ ಎಂದು ಬಗೆಯುವುದೇ ಲೋಕಕ್ಕೆ ತಗುಲಿದ ರೋಗ ಎಂಬುದು ಸಿಸೆರೊನ ಅಭಿಪ್ರಾಯ.

ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೂ ಇದೇ ದಿಕ್ಕಿನದು. ಒಬ್ಬ ಹೊಲ ಕೊಂಡ. ಉಳುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿತು. ನಾನು ಕೊಂಡದ್ದು ಹೊಲವನ್ನು, ಹೊನ್ನನ್ನಲ್ಲ ಎಂದು ಅವನು ಅದನ್ನು ಮಾರಿದವನ ಬಳಿಗೆ ಒಯ್ದ. ನಾನು ಮಾರಿದ ಮೇಲೆ ಹೊಲದೊಳಗಿನದೆಲ್ಲ ನಿನ್ನದು ಎಂದು ಅವನು ನಿರಾಕರಿಸಿದ. ಇಬ್ಬರೂ ಬೇಡವೆಂದು ಜಗಳವಾಡುತ್ತ ರಾಜನ ಬಳಿಗೆ ಹೋದರು. ತೀರ್ಪು ಮರುದಿನಕ್ಕೆ ನಿಂತಿತು. ಅಂದು ರಾತ್ರಿ ಕಲಿಯುಗ ಕಾಲಿಟ್ಟಿತು. ಬೆಳಗಾದಾಗ ಇಬ್ಬರೂ ಕೊಪ್ಪರಿಗೆ ತನ್ನದೇ ಎಂದು ಜಗಳವಾಡುತ್ತಿದ್ದರು. ಚಿಕ್ಕಂದಿನಲ್ಲಿ ಈ ಕಥೆಗೆ ನಾವು ನಕ್ಕಿದ್ದೆವು. ಒಂದು ಅಂಶ ಆಗ ನಮಗೆ ಕಂಡಿರಲಿಲ್ಲ: ಕಲಿಯುಗದ ಇಬ್ಬರ ವಾದವೂ ಕಾಯ್ದೆಯ ದೃಷ್ಟಿಯಿಂದ ತೀರ ಅಸಂಬದ್ಧವಲ್ಲ. ಹಿಂದಿನ ದಿನದ ವಾದಗಳೇ ಮರುದಿನ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದಿದ್ದವು, ಅಷ್ಟೆ. ಬದಲಾದದ್ದು ಎದುರಿನವನನ್ನು ನೋಡುವ ಕಣ್ಣು.

ಇನ್ನು ಹುಡುಗನ ಮಾತಿಗೆ ಬರೋಣ. ಕಲಿತದ್ದಕ್ಕೆ ಫಲ ಬೇಕು ಎಂಬುದು ನ್ಯಾಯವೇ. ವೈದ್ಯ, ವಕೀಲ, ಕುಶಲಿ ಎಲ್ಲರೂ ತಿಳಿವಳಿಕೆಗೆ ಕೂಲಿ ಪಡೆಯುತ್ತಾರೆ. ಆದರೆ ಅವರು ಕೂಲಿ ಪಡೆಯುವುದು ತಿಳಿದದ್ದನ್ನು ಹೇಳಿದ್ದಕ್ಕೆ. ಕಣ್ಣಿನ ವೈದ್ಯ ರೋಗಿಯ ಕಣ್ಣಿನಲ್ಲಿ ಕಂಡದ್ದನ್ನು ರೋಗಿಗೆ ಹೇಳದೆ ಅದರಿಂದ ತಾನು ಲಾಭ ಮಾಡಿಕೊಂಡರೆ ಅದನ್ನು ನಾವು ವಿದ್ಯೆಯ ಫಲವೆನ್ನುವುದಿಲ್ಲ. ಗಿಟಾರಿನ ಬೆಲೆಯನ್ನು ನಿರ್ಣಯಿಸಿದ ಆ ಅಂಕಿಗಳು ಹುಡುಗನ ತಲೆಯಲ್ಲಿದ್ದದ್ದಲ್ಲ, ಆಕೆಯ ಪೆಟ್ಟಿಗೆಯಲ್ಲಿದ್ದದ್ದು. ಆಕೆಯ ಅಪ್ಪಣೆಯಿಂದ, ಆಕೆಯ ನಡುಮನೆಯಲ್ಲಿ, ಆಕೆಯ ವಸ್ತುವನ್ನು ಬಿಚ್ಚಿ ಓದಿದ್ದು. ಓದುವ ವಿದ್ಯೆ ಅವನದು, ಓದಿದ ಸಂಗತಿ ಆಕೆಯದು. ಆ ಬೆಸುಗೆಯನ್ನು ಯಾರೂ ಮುಟ್ಟದಂತೆ ಕಾಪಾಡಿದವರು ಆಕೆಯ ಪತಿ.

ಸುಳ್ಳು ಹೇಳಲಿಲ್ಲವೆಂಬ ಮಾತನ್ನೂ ತೂಗಬೇಕು. ಅವನು ಏನೂ ಹೇಳದೆ ಕೇಳಿದ ಬೆಲೆ ಕೊಟ್ಟು ಬಂದಿದ್ದರೆ ಅದು ಬರಿಯ ಮೌನ. ಅದರ ಪರವಾಗಿ ವಾದಿಸಬಹುದಿತ್ತು. ಆದರೆ ಅವನು ಮೌನವಾಗಿರಲಿಲ್ಲ. ತಿಳಿದವನಂತೆ ಕುಳಿತು ದೋಷಗಳ ಪಟ್ಟಿ ಕೊಟ್ಟ. ತಿಳಿದವನು ಪಟ್ಟಿ ಕೊಟ್ಟಾಗ ಕೇಳುವವರು ಅದನ್ನು ಪೂರ್ಣವೆಂದು ನಂಬುತ್ತಾರೆ. ಪ್ರತಿಯೊಂದು ವಾಕ್ಯವೂ ನಿಜವಾಗಿದ್ದು ಒಟ್ಟು ಚಿತ್ರ ಸುಳ್ಳಾಗುವುದು ಹೀಗೆ. ಹಳೆಯದೆಂಬ ಮಾತ್ರಕ್ಕೆ ಒಳ್ಳೆಯದಲ್ಲ, ತಿಳಿದವರು ಪರೀಕ್ಷಿಸಿ ಸ್ವೀಕರಿಸುತ್ತಾರೆ ಎಂದು ಕಾಳಿದಾಸನ ಮಾಳವಿಕಾಗ್ನಿಮಿತ್ರ ನಾಟಕದ ಆರಂಭದಲ್ಲಿ ಸೂತ್ರಧಾರ ಹೇಳುವುದುಂಟು. ಪರೀಕ್ಷೆ ಎಂಬ ಆ ಶಬ್ದವನ್ನೇ ಬಿಡಿಸಿದರೆ ಸುತ್ತಲೂ ನೋಡುವುದು ಎಂದರ್ಥ. ವಾದ್ಯವನ್ನು ಮೇಲೆ, ಕೆಳಗೆ, ಒಳಗೆ, ದೀಪ ಹಿಡಿದು ನೋಡಿದ ಹುಡುಗ ಅದನ್ನು ಆಕೆ ಕುಳಿತ ಕಡೆಯಿಂದ ನೋಡಲಿಲ್ಲ. ಒಂದು ದಿಕ್ಕು ಉಳಿದುಹೋದ ಮೇಲೆ ಅದು ಸುತ್ತಲೂ ನೋಡಿದ್ದಾಗಲಿಲ್ಲ.

ಕಾಯ್ದೆಯ ಉದಾಹರಣೆಗಳಲ್ಲಿ ಆಕೆಗೆ ಯಾವ ಸ್ಥಾನ ಎಂದು ನಾವು ಕೇಳಿಕೊಂಡೆವು. ವ್ಯಾಪಾರಿಯಂತೂ ಅಲ್ಲ, ಮಗಳೂ ಅಲ್ಲ. ಗೂಡಲೂರಿನಂಥ ಊರಿನಲ್ಲಿ ನಮ್ಮ ಬಹುಪಾಲು ಸಂಬಂಧಗಳು ಈ ಎರಡರ ನಡುವಿನವು. ಮೂರು ರಾಜ್ಯಗಳು ಕೂಡುವ ಎಡೆಯಲ್ಲಿ, ತಮಿಳು, ಮಲಯಾಳ, ಕನ್ನಡ, ಬಡಗ ಮಾತುಗಳ ನಡುವೆ ನಾವು ಬಾಳುತ್ತಿದ್ದೇವೆ. ಕಾಗದಪತ್ರಗಳಿಗಿಂತ ಮಾತಿನ ಮೇಲೆ, ಗುರುತಿನವರ ಮೇಲೆ ಇಲ್ಲಿನ ಬದುಕು ನಡೆದುಬಂದಿದೆ. ಸಂಘವೆಂಬುದು ಹುಟ್ಟಿದ್ದೂ ಅದಕ್ಕಾಗಿಯೇ. ಆಕೆ ಹುಡುಗನಿಗೆ ಪೆಟ್ಟಿಗೆ ತೆರೆದುಕೊಟ್ಟದ್ದು ನಮ್ಮ ಮುಖ ನೋಡಿ. ಅಂಥಲ್ಲಿ ಹರಾಜಿನ ಕಟ್ಟೆಯ ನ್ಯಾಯವನ್ನು ಹಿಡಿದದ್ದು ತಪ್ಪು. ಆ ತಪ್ಪಿನಲ್ಲಿ ಬಾಯಿ ಮುಚ್ಚಿ ಕಾಫಿ ಕುಡಿದ ನಮ್ಮ ಪಾಲೂ ಇದೆ. ಗುಣದ ವಿಷಯ ನಮಗೆ ಆಗ ತಿಳಿದಿರಲಿಲ್ಲವೆಂಬುದು ನಿಜ; ಆದರೆ ಅವನು ದೋಷಗಳನ್ನಷ್ಟೇ ಹೇಳುತ್ತಿದ್ದಾನೆಂಬುದು ಕೇಳುತ್ತಿದ್ದ ನಮಗೆ ತಿಳಿಯಬೇಕಾಗಿತ್ತು. ಒಳ್ಳೆಯದೇನೂ ಇಲ್ಲವೇ ಮಗಾ ಎಂದು ಒಂದು ಮಾತು ಕೇಳಬಹುದಾಗಿತ್ತು.

ಇಷ್ಟನ್ನೂ ನಾವು ಅಂದು ಹೀಗೆ ಕ್ರಮವಾಗಿ ಹೇಳಲಿಲ್ಲ. ಆಕೆಯ ಮನೆಗೆ ನಾಳೆ ನೀನೊಬ್ಬನೇ ಹೋಗಿ ಬಾ, ನಮಗೆ ಬರಲು ಮುಖವಿಲ್ಲ ಎಂದಷ್ಟೇ ಹೇಳಿದೆವು. ಅವನು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಬಂದು, ನೀವೂ ಬನ್ನಿ, ಹೇಳಿಬಿಡುತ್ತೇನೆ ಎಂದ.

ಹೇಳಿದ. ಪಿಕಪ್, ಬೆಸುಗೆ, ಅಂಕಿ, ಇಸವಿ, ಪೇಟೆಯಲ್ಲಿ ಬರಬಹುದಾದ ಬೆಲೆ, ಎಲ್ಲವನ್ನೂ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಾಗಾದರೆ ನಾನೂ ಒಂದು ಹೇಳಬೇಕು ಮಗಾ’ ಎಂದರು. ಆರ್ಕೆಸ್ಟ್ರಾ ಮುಗಿಸಿ ಬರುತ್ತಿದ್ದ ಒಂದು ಮಳೆಯ ರಾತ್ರಿ ಜೀಪು ಮಗುಚಿತ್ತು. ಗಿಟಾರಿನ ಕತ್ತು ತಲೆಯ ಬಳಿ ಮುರಿದಿತ್ತು. ಆಕೆಯ ಪತಿ ಬಡಗಿಯೊಬ್ಬರಿಂದ ಅದನ್ನು ಅಂಟಿಸಿ ಕೂಡಿಸಿದರು. ಕೂಡಿಸಿದ ಗುರುತು ಕಾಣದಿರಲೆಂದೇ ಕಪ್ಪು ಬಣ್ಣ ಬಳಿಸಿದರು. ಬಣ್ಣದ ಮಾತು ಬಂದಾಗ ಆಕೆ ಸುಮ್ಮನಿದ್ದದ್ದು, ಮುರಿದದ್ದು ತಿಳಿದರೆ ಯಾರೂ ಕೊಳ್ಳಲಾರರೆಂಬ ಭಯದಿಂದ. ತಲೆ ಹಿಂದಕ್ಕೆ ಬಾಗಿದ ಗಿಟಾರುಗಳು ಬಿದ್ದರೆ ಮುರಿಯುವುದು ಅಲ್ಲಿಯೇ ಎಂಬುದು ಹುಡುಗನಿಗೆ ಗೊತ್ತಿದ್ದ ಸಂಗತಿ. ಆದರೂ ಬಡಗಿಯ ಕೈಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು, ಬಣ್ಣ ಅಷ್ಟು ದಟ್ಟವಾಗಿತ್ತು; ಕಣ್ಣು, ಅಂಗೈ, ದೀಪ ಯಾವುದಕ್ಕೂ ಅದು ಸಿಕ್ಕಿರಲಿಲ್ಲ. ಬಣ್ಣ ಬಳಿದದ್ದನ್ನು ಅವನು ಬೆಲೆ ಇಳಿಸುವ ಸಾಧನವಾಗಿ ಬಳಸಿದ್ದ; ಏಕೆ ಬಳಿದರೆಂದು ಕೇಳಿರಲಿಲ್ಲ. ಕೇಳಿದ್ದರೆ ಆಕೆಯ ಮೌನವೂ ಕಾಯ್ದೆಯ ಮೂರನೆಯ ಉದಾಹರಣೆಯಂತೆ ಮಾತಾಗುತ್ತಿತ್ತು.

ಹೀಗೆ ಹಿಂದಿನ ದಿನ ಆ ನಡುಮನೆಯಲ್ಲಿ ಇಬ್ಬರೂ ಒಂದೊಂದು ಸತ್ಯವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕುಳಿತಿದ್ದರು. ಒಬ್ಬರಿಗೆ ಲಾಭದ ಆಸೆ, ಇನ್ನೊಬ್ಬರಿಗೆ ನಷ್ಟದ ಭಯ. ಇದು ಆ ಮನೆಯೊಂದರ ಕಥೆಯಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧ ಪ್ರಸಿದ್ಧವಾದದ್ದು. 2001ರಲ್ಲಿ ಅವರಿಗೆ ನ��ಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಯಾವುದು ಒಳ್ಳೆಯ ಕಾರು, ಯಾವುದು ಕೆಟ್ಟದ್ದೆಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರಲು ಯಾರೂ ಬರುವುದಿಲ್ಲ. ಕೊನೆಗೆ ಸಂತೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಮುಚ್ಚಿಡುವುದರಿಂದ ಒಬ್ಬರಿಗೆ ಒಂದು ದಿನ ಲಾಭವಾಗಬಹುದು. ಎಲ್ಲರೂ ಮುಚ್ಚಿಟ್ಟರೆ ಸಂತೆಯೇ ಹಾಳಾಗುತ್ತದೆ. ನಮ್ಮ ಭಾಷೆ ವ್ಯವಹಾರವನ್ನು ಕೊಡುಕೊಳ್ಳುವಿಕೆ ಎನ್ನುತ್ತದೆ. ಕೊಡುವುದು ಮೊದಲು, ಕೊಳ್ಳುವುದು ಆಮೇಲೆ. ಅಂದು ಹುಡುಗ ಮೊದಲು ಕೊಟ್ಟದ್ದು ಒಂದು ಸತ್ಯವನ್ನು. ಪ್ರತಿಯಾಗಿ ಪಡೆದದ್ದು ಯಾವ ಉಪಕರಣವೂ ಅವನಿಗೆ ತೋರಿಸದಿದ್ದ ಇನ್ನೊಂದು ಸತ್ಯವನ್ನು.

ಬೆಲೆ 60,000ಕ್ಕೆ ನಿಂತಿತು. ಮುರಿದು ಕೂಡಿಸಿದ್ದಕ್ಕೆ ಒಂದಷ್ಟು ಕಳೆದರು, ಮೂಲ ಭಾಗಗಳಿಗೆ ಒಂದಷ್ಟು ಕೂಡಿಸಿದರು. ಹಣವನ್ನು ಎರಡು ಕಂತುಗಳಲ್ಲಿ ಕೊಡಲು ಆಕೆ ಒಪ್ಪಿದರು. ಹುಡುಗನಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬ ಲೆಕ್ಕವನ್ನು ನಾವು ಕೇಳಿಲ್ಲ. ಸಂಗೀತದಲ್ಲಿ ಆ ಮುರಿತ ಕೇಳಿಸುವುದಿಲ್ಲವೆಂದು ಅವನು ಹೇಳುತ್ತಾನೆ. ಮೂಲ ಬಣ್ಣವಿಲ್ಲದ, ಮುರಿದು ಕೂಡಿದ ವಾದ್ಯವನ್ನು ಸಂಗ್ರಾಹಕರು ಕಡೆಗಣಿಸಬಹುದು. ವೀಣೆಯ ಮೇಣವನ್ನು ಮತ್ತೆ ಮತ್ತೆ ಹೊಸದಾಗಿ ಹಾಕಿಸುವ, ದೇವಸ್ಥಾನಗಳ ಜೀರ್ಣೋದ್ಧಾರ ಮಾಡುವ ನಮಗೆ, ದುರಸ್ತಿಯಾದದ್ದು ಕೀಳೆಂಬ ಭಾವನೆ ಸಹಜವಾದದ್ದಲ್ಲ. ದುರಸ್ತಿ ದೋಷವಲ್ಲ, ದುರಸ್ತಿಯನ್ನು ಮುಚ್ಚಿಡಬೇಕಾಗಿ ಬರುವ ಭಯವೇ ದೋಷ. ಆ ಭಯವನ್ನು ಹುಟ್ಟಿಸುವವರು ದೋಷವನ್ನಷ್ಟೇ ಎಣಿಸುವ ನಾವು.

ನಮ್ಮ ಸಂಘದ ಕುಟುಂಬಗಳಲ್ಲಿ ಗಿಟಾರ್ ಕೊಳ್ಳುವವರು ಒಬ್ಬಿಬ್ಬರಿರಬಹುದು. ಆದರೆ ಹಳೆಯ ಬೈಕು, ಮನೆ, ಕಾಫಿ ತೋಟದ ತುಂಡು, ಹಸು ಕೊಳ್ಳುವ ಮಾರುವ ಪ್ರಸಂಗ ಎಲ್ಲರಿಗೂ ಬರುತ್ತದೆ. ಗಂಡುಹೆಣ್ಣು ನೋಡುವ ಶಾಸ್ತ್ರದಲ್ಲಿ ಎರಡೂ ಮನೆಯವರು ಎದುರುಬದುರಾಗಿ ಕುಳಿತು ಉಪ್ಪಿಟ್ಟು, ಕೇಸರಿಬಾತು ತಿನ್ನುವಾಗಲೂ ಇದೇ ಪ್ರಶ್ನೆ ಅಲ್ಲಿ ಕುಳಿತಿರುತ್ತದೆ: ಏನನ್ನು ಹೇಳಬೇಕು, ಏನನ್ನು ಹೇಳದಿದ್ದರೂ ನಡೆಯುತ್ತದೆ? ನೋಡಬೇಡಿ ಎಂದು ನಾವು ಯಾರಿಗೂ ಹೇಳಲಾರೆವು. ನೋಡದೆ ನಂಬುವುದು ಸದ್ಗುಣವಲ್ಲ. ಅದು ಬಹಳ ಸಲ ಸೋಮಾರಿತನ, ಕೆಲವು ಸಲ ಮಾರುವವರನ್ನು ಸುಳ್ಳಿಗೆ ಎಳೆಯುವ ಆಮಿಷ. ಕತ್ತಿನ ನೇರ ನೋಡಿ, ಬೆಸುಗೆ ನೋಡಿ, ದೀಪ ಹಿಡಿದು ನೋಡಿ. ಸಂದೇಹ ಬಂದಲ್ಲಿ ಬಾಯಿಬಿಟ್ಟು ಕೇಳಿ. ಕೇಳುವುದರಿಂದ ಎದುರಿನವರಿಗೆ ನಿಜ ಹೇಳುವ ಅವಕಾಶ ಸಿಗುತ್ತದೆ. ಕಂಡ ದೋಷವನ್ನು ಹೇಳುವಾಗ ಕಂಡ ಗುಣವನ್ನೂ ಹೇಳಿ. ಆಮೇಲೆ ಬೆಲೆ ಕುದುರಿಸಿ, ಅದರಲ್ಲಿ ತಪ್ಪೇನಿಲ್ಲ.

ಎಷ್ಟು ಹೇಳಬೇಕೆಂಬ ಅನುಮಾನ ಬಂದಾಗ ನಾವು ಈಗ 1872ರ ಆ ಕಾಯ್ದೆಯ ಎರಡನೆಯ ಉದಾಹರಣೆಯನ್ನು ನೆನೆಯುತ್ತೇವೆ. ಎದುರಿಗಿರುವವರು ನಮ್ಮ ಮಗಳಾಗಿದ್ದರೆ ಏನನ್ನು ಹೇಳುತ್ತಿದ್ದೆವೋ ಅದನ್ನು ಹೇಳಿಬಿಡುವುದು. ಕಾಯ್ದೆ ಅಷ್ಟನ್ನು ಎಲ್ಲರಿಂದಲೂ ಕೇಳಲಾರದು. ಒಂದೇ ಊರಿನಲ್ಲಿ, ಒಂದೇ ಮಳೆಯಲ್ಲಿ ಬಾಳುವ ನಾವು ಒಬ್ಬರಿಂದೊಬ್ಬರು ಕೇಳಬಹುದು.